ಬಾಣಂತನದ ಮನೆಯಲ್ಲಿ ನಾಯಿಕೆಮ್ಮಿನ ಲಸಿಕೆ ಯಾರಿಗೆ ಬೇಕು?

ಪ್ರಶ್ನೆ: ಮಗಳಿಗೆ ಈಗ ಏಳು ತಿಂಗಳು. ಬಾಣಂತನಕ್ಕೆ ನಮ್ಮ ಮನೆಗೇ ಬರುತ್ತಾಳೆ. ಸರ್ಕಾರಿ ಆಸ್ಪತ್ರೆಯಲ್ಲಿ ಟಿಡಿ ಇಂಜೆಕ್ಷನ್ ಆಗಿದೆ. ಈಗ ಡಾಕ್ಟರ್ ಟಿಡ್ಯಾಪ್ ಬೇರೆ ಹಾಕಿಸಿ ಅಂದಿದ್ದಾರೆ. ನಮಗೂ ಬೇಕಾ? ನಮ್ಮ ಯಜಮಾನರಿಗೆ ಮೂರು ವಾರದಿಂದ ಕೆಮ್ಮು ಇದೆ.

ಉತ್ತರ: ಮೊದಲು ಯಜಮಾನರ ಕೆಮ್ಮು ತೋರಿಸಿ, ನಾಳೆಗೆ ಇಡಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು, ಟಿಬಿ ಇರಬಹುದು. ನಾಯಿಕೆಮ್ಮೂ ಇರಬಹುದು. ದೊಡ್ಡವರಲ್ಲಿ ಅದು ಸುಮ್ನೆ ಬಿಡದ ಒಣಕೆಮ್ಮಿನ ಹಾಗೆ ಕಾಣುತ್ತದೆ, ಅಷ್ಟೇ.

ಟಿಡಿಯಲ್ಲಿ ಧನುರ್ವಾಯು, ಗಂಟಲಮಾರಿಗೆ ಮಾತ್ರ ರಕ್ಷಣೆ. ಟಿಡ್ಯಾಪ್‌ನಲ್ಲಿ ಇವೆರಡರ ಜೊತೆ ನಾಯಿಕೆಮ್ಮಿನದೂ ಇದೆ. ಹಾಗಾಗಿ ಟಿಡಿ ಆಗಿದೆ ಅಂತ ಇದನ್ನು ಬಿಡಬೇಡಿ, ತಾಯಿ ಕಾರ್ಡ್ ತೋರಿಸಿ ಹಾಕಿಸಿ. 27ರಿಂದ 36 ವಾರದ ಒಳಗೆ ತಗೊಂಡರೆ ತಾಯಿಯ ಮೈಯಲ್ಲಿ ತಯಾರಾದ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಹೋಗುತ್ತವೆ, ಅಂದರೆ ಮಗು ಹುಟ್ಟುವಾಗಲೇ ಸ್ವಲ್ಪ ರಕ್ಷಣೆ ಇಟ್ಟುಕೊಂಡೇ ಬರುತ್ತದೆ. ಮಗುವಿನ ಸ್ವಂತ ಲಸಿಕೆ ಶುರುವಾಗುವುದೇ 6 ವಾರಕ್ಕೆ, ಆಮೇಲೆ 10 ಮತ್ತು 14 ವಾರಕ್ಕೆ. ನಾಯಿಕೆಮ್ಮು ಜೀವ ತೆಗೆಯುವುದು ಜಾಸ್ತಿ ಆ ಮೊದಲ ತಿಂಗಳುಗಳಲ್ಲೇ. ಮುಂದಿನ ಬಸಿರಿನಲ್ಲೂ ಮತ್ತೆ ಹಾಕಿಸಬೇಕು, ಹಳೆಯದು ಸಾಲುವುದಿಲ್ಲ.

ನೀವು, ಯಜಮಾನರು, ಅಳಿಯ ಎಲ್ಲರೂ ಒಂದೊಂದು ತಗೊಂಡರೆ ಒಳ್ಳೆಯದೇ. ಮಗುವನ್ನು ಎತ್ತಿಕೊಳ್ಳುವ ಎರಡು ವಾರ ಮೊದಲು ಆಗಿರಲಿ. ಚಿಕ್ಕಂದಿನಲ್ಲಿ ನಾಯಿಕೆಮ್ಮು ಬಂದು ಹೋಗಿದೆ ಅಂತ ಕೂರಬೇಡಿ, ಆ ರಕ್ಷಣೆ ಕೊನೆತನಕ ಉಳಿಯುವುದಿಲ್ಲ. ಟಿಡ್ಯಾಪ್ ಸಾಮಾನ್ಯವಾಗಿ ಖಾಸಗಿಯಲ್ಲೇ ಸಿಗುತ್ತದೆ, ಬೆಲೆಯೂ ಜಾಸ್ತಿ. ದುಡ್ಡು ಒಬ್ಬರಿಗೆ ಮಾತ್ರ ಸಾಕಾಗುತ್ತದೆ ಅಂದರೆ ಯೋಚಿಸಲೇಬೇಡಿ, ಮಗಳಿಗೆ ಹಾಕಿಸಿ. ಮನೆಯವರೆಲ್ಲ ಹಾಕಿಸಿಕೊಂಡು ಅವಳೊಬ್ಬಳನ್ನು ಬಿಟ್ಟರೆ ಮಗುವಿಗೆ ಅಷ್ಟು ಲಾಭವಿಲ್ಲ. ಮನೆಯಲ್ಲಿ ಐದಾರು ವರ್ಷದ ಮೊಮ್ಮಕ್ಕಳಿದ್ದರೆ ಅವರ ಡಿಪಿಟಿ (ಇದೇ ಮೂರು ರೋಗಕ್ಕೆ ಮಕ್ಕಳಿಗೆ ಹಾಕುವ ಲಸಿಕೆ) ಬೂಸ್ಟರ್ ಆಗಿದೆಯಾ ನೋಡಿ. ಶಾಲೆಯಿಂದ ಕೆಮ್ಮು ತರುವವರು ಅವರೇ ಅಲ್ವಾ.

ಇನ್ನೊಂದು ಮಾತು. ಹಸುಗೂಸಿಗೆ ನಾಯಿಕೆಮ್ಮು ಬಂದರೆ 'ವೂಪ್' ಅನ್ನುವ ಸದ್ದು ಬರದೇ ಇರಬಹುದು, ಕೆಮ್ಮೇ ಕಾಣದೆಯೂ ಇರಬಹುದು. ಉಸಿರು ತಡೆದು ನಿಲ್ಲುವುದು, ತುಟಿ ನೀಲಿಯಾಗುವುದು, ಮೊಲೆ ಹಿಡಿಯದಿರುವುದು, ಇವುಗಳಲ್ಲಿ ಒಂದು ಕಂಡರೂ ಬಜೆ ತೇಯ್ದು, ಜೇನು ನೆಕ್ಕಿಸಿ ಕಾಯಬೇಡಿ. ರಾತ್ರಿಯಾದರೂ ಸರಿ, ಮಕ್ಕಳ ವಿಭಾಗವಿರುವ ಆಸ್ಪತ್ರೆಗೆ ತಕ್ಷಣ ಕರೆದುಕೊಂಡು ಹೋಗಿ.