ಅಕ್ಕನ ಮಗನಿಗಾಗಿ ಪಿಎಚ್.ಡಿ. ಮಾಡಬಹುದೇ?

ಪ್ರಶ್ನೆ: ಮೇಡಂ, ನಾನು ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ನನ್ನ ಅಕ್ಕನ ಮಗನಿಗೆ ಎಂಟು ವರ್ಷ. ಅವನಿಗೆ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಮಾಂಸಖಂಡಗಳು ವರ್ಷ ವರ್ಷ ಕ್ಷೀಣಿಸುವ ಕಾಯಿಲೆ ಇದೆ. ತುದಿಗಾಲಲ್ಲಿ ನಡೆಯುತ್ತಾನೆ, ನೆಲದಿಂದ ಏಳುವಾಗ ತೊಡೆಗೆ ಕೈ ಊರಿಕೊಳ್ಳುತ್ತಾನೆ. ಈ ಕಾಯಿಲೆ ಮೇಲೇ ಪಿಎಚ್.ಡಿ. ಮಾಡಬೇಕು ಅಂತಿದ್ದೇನೆ. ನಾನು ಡಾಕ್ಟರ್ ಓದಿಲ್ಲ. ಆದರೂ ಆಗುತ್ತಾ? ಇದರಿಂದ ಅವನಿಗೆ ಉಪಯೋಗ ಆದೀತೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಪತ್ರ ಬರೆಸಿದ್ದು ಅದೇ ಅಲ್ವಾ? ನಿಮ್ಮ ಪ್ರಯೋಗದಿಂದ ಇದೇ ಹುಡುಗನಿಗೆ ಔಷಧಿ ಸಿಗುತ್ತದೆ ಅಂತ ನಂಬಿಕೊಂಡು ಈ ದಾರಿಗೆ ಬರಬೇಡಿ. ಈ ಮಕ್ಕಳಲ್ಲಿ ಇಲ್ಲದಿರುವ ಡಿಸ್ಟ್ರೋಫಿನ್ ಅನ್ನೋ ಪ್ರೋಟೀನನ್ನು ಗುರುತಿಸಿದ್ದು 1987ರಲ್ಲಿ. ಆ ಪ್ರೋಟೀನಿನ ಸೂಚನೆ ಇರುವ ಜೀನಿನ ಒಂದು ತುಂಡನ್ನು ಓದದೆ ದಾಟಿಸುವ ಮೊದಲ ಔಷಧಿ ಎಟೆಪ್ಲಿರ್ಸೆನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ನಡುವೆ 29 ವರ್ಷ. ಅದೂ ನೂರು ಮಕ್ಕಳಲ್ಲಿ ಸುಮಾರು 13 ಮಂದಿಗೆ ಮಾತ್ರ ಹೊಂದುತ್ತದೆ. ಇವತ್ತು ಅವನನ್ನು ಕಾಯುವುದು ಸ್ಟೀರಾಯ್ಡ್, ಫಿಸಿಯೋಥೆರಪಿ, ಹೃದಯ ಮತ್ತು ಶ್ವಾಸಕೋಶದ ತಪ್ಪದ ತಪಾಸಣೆ. ಅದಕ್ಕೆ ಚಿಕ್ಕಮ್ಮನಾಗಿ ಅವನ ಜೊತೆ ಹೋಗಿ.

ಡಾಕ್ಟರ್ ಓದದಿದ್ದರೂ ಆಗುತ್ತದೆ. ಡಿಸ್ಟ್ರೋಫಿನ್ ಕಂಡುಹಿಡಿದ ಲೂಯಿ ಕುಂಕೆಲ್, ಎರಿಕ್ ಹಾಫ್‌ಮನ್ ಇಬ್ಬರೂ ಪಿಎಚ್.ಡಿ. ಮಾಡಿದವರು, ವೈದ್ಯರಲ್ಲ.

ಪತ್ರದಲ್ಲಿ ನೀವು ಕೇಳದ ಒಂದು ಮಾತು. ಈ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಸುಮಾರು ಮೂರನೇ ಒಂದು ಭಾಗ ಮಕ್ಕಳಲ್ಲಿ ದೋಷ ಹೊಸದಾಗಿ ಹುಟ್ಟಿರುತ್ತದೆ, ಉಳಿದವರಿಗೆ ತಾಯಿಯಿಂದ ಬಂದಿರುತ್ತದೆ. ನಿಮ್ಮ ಅಕ್ಕನಲ್ಲಿದ್ದರೆ ನಿಮ್ಮಲ್ಲೂ ಇರಬಹುದು. ಇಬ್ಬರೂ ಜೆನೆಟಿಕ್ ಕೌನ್ಸೆಲರ್ ಹತ್ತಿರ ಮಾತಾಡಿ. ಇದು ಯಾರ ತಪ್ಪೂ ಅಲ್ಲ ಅಂತ ಅಕ್ಕನಿಗೆ ಮತ್ತೆ ಮತ್ತೆ ಹೇಳಿ. ನಾನು ಭೇಟಿಯಾದ ತಾಯಂದಿರಲ್ಲಿ ತಮ್ಮನ್ನೇ ದೂರಿಕೊಳ್ಳದವರು ತುಂಬಾ ಕಡಿಮೆ.

ಇನ್ನು ಕೆಲಸದ ಬಗ್ಗೆ. ಪಿಎಚ್.ಡಿ.ಗೆ ಐದಾರು ವರ್ಷ ಬೇಕು. ಅದರ ಮೇಲೆ ಪೋಸ್ಟ್‌ಡಾಕ್. ಆಮೇಲೂ ಸ್ವಂತ ಲ್ಯಾಬ್ ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ. ನನ್ನ ಎರಡನೇ ವರ್ಷವನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಖಾಲಿ ಫಿಲ್ಮು. ವೆಸ್ಟರ್ನ್ ಬ್ಲಾಟ್ ಅಂದರೆ ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ಒಂದು ಹಾಳೆಗೆ ದಾಟಿಸಿ (ಇದೇ ಟ್ರಾನ್ಸ್‌ಫರ್), ಬೇಕಾದ ಪ್ರೋಟೀನಿಗೆ ಅಂಟುವ ಆಂಟಿಬಾಡಿಯಿಂದ ಅದನ್ನು ಫಿಲ್ಮಿನ ಮೇಲೆ ಪಟ್ಟಿಯಾಗಿ ಕಾಣಿಸುವ ಪರೀಕ್ಷೆ. ವೆಸ್ಟರ್ನ್ ಬ್ಲಾಟ್‌ನಲ್ಲಿ ಆರೋಗ್ಯವಂತರ ಮಾಂಸಖಂಡದಲ್ಲೂ ಡಿಸ್ಟ್ರೋಫಿನ್ ಪಟ್ಟಿ ಕಾಣುತ್ತಿರಲಿಲ್ಲ. ಮೂರು ತಿಂಗಳು ಆಂಟಿಬಾಡಿ ಕೆಟ್ಟಿದೆ ಅಂದುಕೊಂಡಿದ್ದೆ. ಒಂದು ದಿನ ನಮ್ಮ ಟೆಕ್ನಿಷಿಯನ್ ಒಬ್ಬರು, 'ಟ್ರಾನ್ಸ್‌ಫರ್ ಆದ ಮೇಲೆ ಜೆಲ್‌ಗೆ ಬಣ್ಣ ಹಾಕಿ ನೋಡಿದ್ರಾ?' ಅಂದರು. ಹಾಕಿ ನೋಡಿದರೆ ದೊಡ್ಡ ಪ್ರೋಟೀನುಗಳೆಲ್ಲ ಜೆಲ್‌ನಲ್ಲೇ ಕೂತಿದ್ದವು! ಡಿಸ್ಟ್ರೋಫಿನ್ ತೂಕ 427 ಕಿಲೋಡಾಲ್ಟನ್. ಒಂದು ಗಂಟೆಯಲ್ಲಿ ಅದು ಆಚೆ ಬರುವುದಿಲ್ಲ. ಕೋಲ್ಡ್ ರೂಮಿನಲ್ಲಿ ರಾತ್ರಿಯಿಡೀ ನಿಧಾನವಾಗಿ ಓಡಿಸಿದೆ. ಬೆಳಿಗ್ಗೆ ಪಟ್ಟಿ ಬಂತು. ಅವರು ಕೇಳಿದಂಥ ಪ್ರಶ್ನೆ ಕೇಳುವವರು ಇರುವ ಲ್ಯಾಬ್ ಹುಡುಕಿ. ಗೈಡ್ ಹೆಸರು ದೊಡ್ಡದಿದ್ದರೆ ಸಾಲದು. ಅವರ ಹಳೇ ವಿದ್ಯಾರ್ಥಿಗಳ ಹತ್ತಿರ ಮಾತಾಡಿ, ಪ್ರಯೋಗ ಕೈಕೊಟ್ಟಾಗ ಅಲ್ಲಿ ಏನಾಗುತ್ತದೆ ಅಂತ ಕೇಳಿ.

ರೋಗಿಗಳ ಜೀವಕೋಶ ಇಟ್ಟುಕೊಂಡು ಕೆಲಸ ಮಾಡುತ್ತಾರಾ ಅಂತಲೂ ಕೇಳಿ. 1984ರಲ್ಲಿ ವರದಿಯಾದ ಎಂಡಿಎಕ್ಸ್ ಇಲಿಯ ಮೇಲೆ ಜಾಸ್ತಿ ಕೆಲಸ ನಡೆದಿದೆ. ಅದರ ಮಾಂಸಖಂಡದಲ್ಲೂ ಡಿಸ್ಟ್ರೋಫಿನ್ ಇಲ್ಲ, ಆದರೂ ಅದು ಓಡಾಡಿಕೊಂಡಿರುತ್ತದೆ. ನಮ್ಮ ಮಕ್ಕಳಿಗೆ ಆ ಅದೃಷ್ಟವಿಲ್ಲ. ಹಾಗಾಗಿ ಇಲಿಯಲ್ಲಿ ಗೆದ್ದ ಎಷ್ಟೋ ಔಷಧಿ ಮನುಷ್ಯರಲ್ಲಿ ಸೋತಿವೆ. ಅಕ್ಕಿಕಾಳಿನಷ್ಟು ಬಯಾಪ್ಸಿ ತುಂಡಿನಿಂದ ಬೆಳೆಸಿದ ಕೋಶಗಳನ್ನು ನೀವೊಮ್ಮೆ ನೋಡಬೇಕು. ಅವುಗಳ ಆಹಾರಕ್ಕೆ ಬೆರೆಸುವ ಸೀರಮ್ (ರಕ್ತದ ತಿಳಿದ್ರವ) ಕಡಿಮೆ ಮಾಡಿದರೆ ಅವು ಸಾಲಾಗಿ ನಿಂತು, ಒಂದಕ್ಕೊಂದು ಬೆರೆತು, ಉದ್ದನೆ ನಾರಾಗುತ್ತವೆ. ಕೆಲವು ದಿನಕ್ಕೆ ಕೆಲವು ತಾವಾಗಿ ಮಿಡಿಯುತ್ತವೆ. ನನಗೆ ಇವತ್ತಿಗೂ ಅದನ್ನು ನೋಡಿದರೆ ಉಸಿರು ನಿಲ್ಲುತ್ತದೆ.

ನಿಜಕ್ಕೂ ಶುರು ಮಾಡುವಿರಾದರೆ ಹುಡುಗನ ಜೀನ್ ರಿಪೋರ್ಟ್ ತೆಗೆದುಕೊಳ್ಳಿ. ಈ ಜೀನಿನಲ್ಲಿ ಪ್ರೋಟೀನಿನ ಸೂಚನೆ ಹೊತ್ತ ತುಂಡುಗಳು, ಅಂದರೆ 79 ಎಕ್ಸಾನ್‌ಗಳಿವೆ. ತುಂಡುಗಳೇ ಬಿದ್ದುಹೋಗಿದ್ದರೆ ಯಾವುವು ಅಂತ ಅದರಲ್ಲಿ ಬರೆದಿರುತ್ತದೆ. ಉದಾಹರಣೆಗೆ, 50ನೆಯದು ಇಲ್ಲ ಅನ್ನಿ. ಅದರಲ್ಲಿ ಡಿಎನ್‌ಎಯ 109 ಅಕ್ಷರ. ಜೀವಕೋಶ ಅವನ್ನು ಮೂರು ಮೂರಾಗಿ ಓದುತ್ತದೆ. 109 ಮೂರರಿಂದ ಭಾಗವಾಗದು, ಹಾಗಾಗಿ ಮುಂದಿನ ಓದೆಲ್ಲ ತಪ್ಪಿ ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. 51ನೆಯದರಲ್ಲಿ 233. ಅದನ್ನೂ ದಾಟಿಸಿದರೆ ಒಟ್ಟು 342, ಮೂರರಿಂದ ಸರಿಯಾಗಿ ಭಾಗವಾಗುತ್ತದೆ. ಪ್ರೋಟೀನ್ ಸ್ವಲ್ಪ ಗಿಡ್ಡವಾಗುತ್ತದೆ, ಆದರೆ ಕೆಲಸ ಮಾಡಬಲ್ಲದು. ಎಟೆಪ್ಲಿರ್ಸೆನ್ ಮಾಡಿಸುವುದು ಇದನ್ನೇ. ನಿಮ್ಮ ಹುಡುಗನ ಎಕ್ಸಾನ್‌ಗಳಿಗೆ ಈ ಲೆಕ್ಕ ಹಾಕಿ, ನನಗೆ ಬರೆಯಿರಿ. ಯಾವ ಲ್ಯಾಬ್‌ಗೆ ಅರ್ಜಿ ಹಾಕುವುದು ಅಂತ ಆಮೇಲೆ ಇಬ್ಬರೂ ಸೇರಿ ಯೋಚಿಸೋಣ.