ಮುತ್ತಲ ಹೂವು ಮತ್ತು ಚಾದ ಬಣ್ಣದ ಓಕುಳಿ

ಬೆಟಗೇರಿಯ ಓದುಗರೊಬ್ಬರು ಬರೆದಿದ್ದಾರೆ: "ಪ್ರತಿ ವರ್ಷ ವಸಂತದ ವಿಶೇಷ ಪುಟ ತರ್ತೀರಿ. ನಮ್ಮ ಕಡೆ ವಸಂತ ಅಂದ್ರ ಧೂಳು, ಬಿಸಿಲು, ನಳದ ದಾರಿ ಕಾಯೋದು. ಈ ಸಲ ಮಗಳು ಹಟ ಹಿಡಿದಳು ಅಂತ ಮುತ್ತಲ (ಮುತ್ತುಗದ) ಹೂವು ತರಿಸಿ ಓಕುಳಿ ಕುದಿಸಿದೆ. ಕೇಸರಿ ಬರಲಿಲ್ಲ, ಚಾದಂಥ ನೀರು ಬಂತು, ಮರುದಿನ ನಾತ ಬೇರೆ. ಇನ್ನೂ ಒಂದು ಬುಟ್ಟಿ ಹೂವು ಉಳಿದದ. ಎಸೆಯಲೋ, ಇಡಲೋ?"

ಅಕ್ಕಾವರೇ, ಎಸೆಯಬೇಡಿ. ವಸಂತದ ಕೋಗಿಲೆ ಕವನಗಳಿಗೆ ನಾವು ಉತ್ತರ ಬರೆಯುವುದಿಲ್ಲ, ನಿಮ್ಮ ಚಾದಂಥ ನೀರಿಗೆ ಬರೆಯಲೇಬೇಕು.

ಮೊದಲು ತಪ್ಪು ಎಲ್ಲಾಯಿತು ನೋಡೋಣ. ಕುದಿಸಿದ್ದು ಕಬ್ಬಿಣದ ಬಾಣಲೆಯಲ್ಲಿ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಅಲ್ಲೇ ಅರ್ಧ ಉತ್ತರ ಇದೆ. ಹೂವಿನಲ್ಲಿರುವ ಒಗರು ಕಬ್ಬಿಣಕ್ಕೆ ತಾಗಿತೆಂದರೆ ಕೇಸರಿ ಸತ್ತು ಪಾಚಿಗಂದು ಹುಟ್ಟುತ್ತದೆ. ಉಳಿದರ್ಧ ತೊಟ್ಟಿನದು. ಮುತ್ತಲ ಹೂವಿನ ಬುಡದಲ್ಲಿ ಮಖಮಲ್ಲಿನಂಥ ಕಪ್ಪುಹಸಿರು ಬಟ್ಟಲು ಇರುತ್ತದಲ್ಲ, ಅದೂ ಬಣ್ಣ ಕೆಡಿಸುತ್ತದೆ. ಅದನ್ನು ಚಿವುಟಿ ತೆಗೆಯದೆ ಕುದಿಸಿದರೆ ಸ್ಟೀಲ್ ಬೋಗುಣಿಯಲ್ಲೂ ಬಣ್ಣ ಮಂಕೇ. ನಾತಕ್ಕೆ ಕಾರಣ ಬೇರೆ: ಹೂವಿನಲ್ಲಿ ಮಕರಂದ ಧಾರಾಳ, ಸೋಸದೆ ಇಟ್ಟ ನೀರು ಮಾರ್ಚ್ ಬಿಸಿಲಿಗೆ ಒಂದೇ ರಾತ್ರಿಯಲ್ಲಿ ಹುಳಿಯುತ್ತದೆ.

ಇನ್ನೊಮ್ಮೆ ಮಾಡುವುದಾದರೆ ತೊಟ್ಟು ತೆಗೆದ ಹಸಿ ಎಸಳು 250 ಗ್ರಾಂ, ನೀರು 2 ಲೀಟರ್, ಸ್ಟೀಲ್ ಬೋಗುಣಿ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಷ್ಟೇ ಉರಿ, ಅರ್ಧ ತಾಸು. ಕೊತಕೊತ ಕುದಿಸಬೇಡಿ. ಎಸಳು ಬಿಳಿಚಿಕೊಂಡರೆ ಬಣ್ಣ ನೀರಿಗೆ ಇಳಿಯಿತೆಂದು ಅರ್ಥ. ಹಳೆ ಧೋತರದಲ್ಲಿ ಸೋಸಿ, ಅಂದೇ ಬಳಸಿ. ಹುಬ್ಬಳ್ಳಿಯಂತೆ ಹೋಳಿ ಹುಣ್ಣಿಮೆ ಕಳೆದು ಐದನೆಯ ದಿನ, ರಂಗಪಂಚಮಿಗೆ ಬಣ್ಣ ಆಡುವವರು ಹುಣ್ಣಿಮೆಗೇ ಕುದಿಸಿಟ್ಟು ಕೆಡಿಸಿಕೊಳ್ಳುತ್ತಾರೆ. ಹೂವು ಒಣಗಿಸಿಟ್ಟು, ಆಡುವ ದಿನ ಬೆಳಿಗ್ಗೆ ಕುದಿಸುವುದೇ ಸರಿ.

ಮಗಳಿಗೆ ಒಂದು ಆಟ ತೋರಿಸಿ. ಸೋಸಿದ ನೀರನ್ನು ಮೂರು ಗಾಜಿನ ಲೋಟಕ್ಕೆ ಹಾಕಿ. ಒಂದಕ್ಕೆ ಎಲೆಅಡಿಕೆಯ ಸುಣ್ಣ ಕಡಲೆಕಾಳಿನಷ್ಟು: ಕೇಸರಿ ದಟ್ಟವಾಗಿ ಕೆಂಪಿನ ಕಡೆ ವಾಲುತ್ತದೆ. ಇನ್ನೊಂದಕ್ಕೆ ನಾಲ್ಕು ಹನಿ ನಿಂಬೆರಸ: ತಿಳಿಹಳದಿ. ಮೂರನೆಯದು ಹಾಗೇ ಇರಲಿ. ಸುಣ್ಣದ ಲೋಟಕ್ಕೆ ನಿಂಬೆ ಹಿಂಡಿದರೆ ಅದೂ ಹಳದಿಗೆ ಮರಳುತ್ತದೆ. ಮೈಮೇಲೆ ಎರಚುವ ನೀರಿಗೆ ಮಾತ್ರ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಉರಿಯುತ್ತದೆ.

ಉಳಿದ ಬುಟ್ಟಿಯನ್ನು ತೊಟ್ಟು ಬಿಡಿಸಿ, ಹಳೆ ಚಾದರದ ಮೇಲೆ ನೆರಳಿನಲ್ಲಿ ಮೂರು ನಾಲ್ಕು ದಿನ ಹರವಿ. ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಮುಂದಿನ ವರ್ಷ ಗಿಡದಿಂದ ಕೀಳಿಸಬೇಡಿ. ಬೆಳಿಗ್ಗೆ ಬುಡದಲ್ಲಿ ಬಿದ್ದದ್ದೇ ಬೇಕಾದಷ್ಟಾಗುತ್ತದೆ, ಮೇಲಿರುವುದು ಸೂರಕ್ಕಿ, ಗೊರವಂಕಗಳ ಪಾಲು. ಕಪ್ಪತಗುಡ್ಡದ ಕಡೆ ಹೋಗುವವರಿಗೂ ಒಂದು ಮಾತು: 2019ರಿಂದ ಅದು ವನ್ಯಜೀವಿಧಾಮ, ಅಲ್ಲಿಂದ ಹೂವು ಹೊತ್ತು ತರುವ ಹಾಗಿಲ್ಲ. ಹೊಲದ ಬದುವಿನ ಗಿಡ ಸಾಕು.

ಒಣಗಿದ ಹೂವಿನಿಂದ ಅರಿವಿಗೆ (ಬಟ್ಟೆಗೆ) ಬಣ್ಣ ಹಾಕಿ. ಇದು ಓಕುಳಿಯಷ್ಟು ಸುಲಭವಲ್ಲ, ಹತ್ತಿಗೆ ಈ ಬಣ್ಣ ತಾನಾಗಿ ಅಂಟುವುದಿಲ್ಲ. ನಿಮ್ಮೂರಿನ ಮಗ್ಗದ ಬಿಳಿ ಹತ್ತಿ ಅರಿವಿ, ಎಳಿ ಎಣಿಸಲು ಬರುವಷ್ಟು ದಪ್ಪದ್ದು, 100 ಗ್ರಾಂ ತೂಗಿ ತೆಗೆದುಕೊಳ್ಳಿ. ಹೊಸ ಅರಿವಿಯಲ್ಲಿ ಗಂಜಿ ಇರುತ್ತದೆ. ವಾಷಿಂಗ್ ಸೋಡಾ ಒಂದು ಚಮಚ ಹಾಕಿ ಅರ್ಧ ತಾಸು ಕುದಿಸಿ ಒಗೆಯಿರಿ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟರೆ ತಕ್ಷಣ ಹೀರಬೇಕು. ಹನಿ ಮಣಿಯಂತೆ ನಿಂತರೆ ಗಂಜಿ ಇನ್ನೂ ಇದೆ, ಮುಂದೆ ಬಣ್ಣ ಪಟ್ಟೆಪಟ್ಟೆ ಕೂರುತ್ತದೆ.

ಅಳಲೆಕಾಯಿ ಪುಡಿ 20 ಗ್ರಾಂ ಬಿಸಿನೀರಲ್ಲಿ ಕದಡಿ, ಸೋಸಿ, ಅರಿವಿಯನ್ನು ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಹಿಂಡಿ, ಜಾಲಿಸದೆ ಒಣಗಿಸಿ. ಆಮೇಲೆ 15 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಎರಡು ತಾಸು ಇಟ್ಟು ಮತ್ತೆ ಒಣಗಿಸಿ. ಅಳಲೆಯ ಒಗರು ಹತ್ತಿಯನ್ನು ಹಿಡಿಯುತ್ತದೆ, ಒಗರನ್ನು ಪಟಿಕ ಹಿಡಿಯುತ್ತದೆ, ಪಟಿಕವನ್ನು ಹೂವಿನ ಬಣ್ಣ ಹಿಡಿಯುತ್ತದೆ. ಅವಸರದಲ್ಲಿ ಒಂದು ಹಂತ ಬಿಟ್ಟರೂ ಮೊದಲ ಒಗೆತಕ್ಕೇ ಬಣ್ಣ ಮೋರಿಗೆ. ಇಲ್ಲೂ ಕಬ್ಬಿಣ ಹತ್ತಿರ ಸುಳಿಯಬಾರದು, ಅಳಲೆ ಮತ್ತು ಕಬ್ಬಿಣ ಸೇರಿದರೆ ಮಸಿಯೇ ಆಗುತ್ತದೆ. ಕೊನೆಗೆ ಒಣ ಎಸಳು 100 ಗ್ರಾಂ ಕುದಿಸಿ ಸೋಸಿದ ಮೂರು ಲೀಟರ್ ನೀರಿನಲ್ಲಿ ಅರಿವಿಯನ್ನು ಮುಕ್ಕಾಲು ತಾಸು, ಕೈಯಾಡಿಸುತ್ತ, ಸಣ್ಣ ಉರಿಯಲ್ಲಿ ಇಡಿ. ಆರಿದ ಮೇಲೆ ತೆಗೆಯಿರಿ. ಬರುವುದು ಬೆಚ್ಚನೆಯ ಹಳದಿ. ಬಿಸಿಲಿಗೆ ಇದು ಮಾಸುವ ಬಣ್ಣ, ಕಿಟಕಿ ಪರದೆಗೆ ಬೇಡ. ಕರವಸ್ತ್ರ, ಪುಸ್ತಕದ ಹೊದಿಕೆ, ಆರತಿ ತಟ್ಟೆಯ ಮುಸುಕಿಗೆ ಚೆಂದ. ಒಗೆಯುವಾಗ ಸಾಬೂನಿಗೆ ಕೆಂಪಾದರೆ ಹೆದರಬೇಡಿ, ಲೋಟದಲ್ಲಿ ನೋಡಿದ ಆಟವೇ ಅದು. ಕೊನೆಯ ನೀರಿಗೆ ನಾಲ್ಕು ಹನಿ ನಿಂಬೆ ಹಿಂಡಿ.

ಆ ಹಳದಿಯ ಮೇಲೆ ಕಸೂತಿ. "ಹೊಸ ಚಿತ್ತಾರ ಎಲ್ಲಿಂದ ತರೋದು, ಅದೇ ಗೋಪುರ, ಅದೇ ತೇರು" ಎಂದೂ ಬರೆದಿದ್ದೀರಲ್ಲ, ಚಿತ್ತಾರ ಬುಟ್ಟಿಯಲ್ಲೇ ಇದೆ. ಬೇವಿನ ಹೂವಿಗೆ ಕೈ ಹಾಕಬೇಡಿ. ಅದಕ್ಕೆ ಐದು ಎಸಳು, ಕಸೂತಿಗೆ ಗೊತ್ತಿರುವುದು ನೇರ, ಅಡ್ಡ, ಓರೆ ಗೆರೆ ಮಾತ್ರ. ಚೌಕದ ಮನೆಗಳಲ್ಲಿ ಐದು ಎಸಳು ಸಮನಾಗಿ ಕೂರುವುದಿಲ್ಲ. ಮುತ್ತಲ ಹೂವನ್ನು ಪಕ್ಕದಿಂದ ನೋಡಿ: ಹಿಂದಕ್ಕೆ ಬಾಗಿದ ಒಂದು ಅಗಲ ಎಸಳು, ಬದಿಗೆ ಎರಡು ಚಿಕ್ಕವು, ಮುಂದೆ ಕೊಕ್ಕಿನಂತೆ ಬಾಗಿದ ಚೂಪು. ಸಂಸ್ಕೃತದವರು ಇದನ್ನು ಕಿಂಶುಕ, ಅಂದರೆ "ಗಿಳಿಯೇನು?" ಎಂದು ಕೇಳಿದ್ದು ಸುಮ್ಮನಲ್ಲ. ಗ್ರಾಫ್ ಹಾಳೆಯಲ್ಲಿ 14 ಮನೆ ಅಗಲ, 12 ಮನೆ ಎತ್ತರ ಸಾಕು. ಕೊಕ್ಕಿನ ಬಾಗು ಮೂರು ತುಂಡಿನಲ್ಲಿ ಬರುತ್ತದೆ: ಎರಡು ಮನೆ ಅಡ್ಡ, ಮೂರು ಮನೆ ಓರೆ, ಎರಡು ಮನೆ ನೇರ ಕೆಳಗೆ. ಒಂದು ಮನೆಗೆ ಅರಿವಿಯ ನಾಲ್ಕು ಎಳಿ.

ಹೊಲಿಗೆ ಗವಂತಿ. ಹೋಗುವಾಗ ಒಂದು ಬಿಟ್ಟು ಒಂದು ಮನೆ, ಬರುವಾಗ ಬಿಟ್ಟ ಮನೆ ತುಂಬುವುದು. ಎರಡೂ ಬದಿ ಒಂದೇ ಥರ ಕಾಣಬೇಕು, ಅದಕ್ಕೇ ಗಂಟು ಹಾಕುವಂತಿಲ್ಲ. ಬೆರಳುದ್ದ ದಾರ ಬಿಟ್ಟು ಶುರು ಮಾಡಿ, ಕೊನೆಗೆ ಹೊಲಿಗೆಯ ಅಡಿಯಲ್ಲೇ ನುಸುಳಿಸಿ. ಹೊಸಬರು ಎಡವುವುದು ಕವಲಿನಲ್ಲಿ. ಬದಿಯ ಚಿಕ್ಕ ಎಸಳು ಎದುರಾದಾಗ ಅದನ್ನು ಅಲ್ಲೇ ಸುತ್ತಿ, ತುಂಬಿಕೊಂಡು ಮರಳಿ, ಆಮೇಲೆ ಮುಂದಿನ ಗೆರೆ ಹಿಡಿಯಬೇಕು. ಆಮೇಲೆ ನೋಡೋಣ ಎಂದು ದಾಟಿದರೆ ಅಲ್ಲಿಗೆ ಬರಲು ಹಿಂಬದಿಯಲ್ಲಿ ದಾರ ಎಳೆಯಬೇಕಾಗುತ್ತದೆ, ಅದು ಕಾಣುತ್ತದೆ.

ಮುಗಿದ ಮೇಲೆ ನಮಗೊಂದು ಫೋಟೊ ಕಳಿಸಿ. ಮುಂಬದಿಯದು ಬೇಡ, ಹಿಂಬದಿಯದು.