ಮೇಷ್ಟ್ರ ಕಾಗದಕ್ಕೊಂದು ಉತ್ತರ: ಖುಷಿಯೂ ಇರಲಿ, ಲೆಕ್ಕವೂ ಸಿಗಲಿ

ಮಲೆನಾಡಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರಾಗಿದ್ದು ನಿವೃತ್ತರಾದ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿತು ಎಂಬ ಸುದ್ದಿ ಬಂದ ದಿನ, ಅದೇ ಊರಿನಲ್ಲಿ ಕೆಲಸದಲ್ಲಿರುವ ಮಗ ಮನೆಯ ವಾಟ್ಸಾಪ್ ಗುಂಪಿನಲ್ಲಿ ಸಂಭ್ರಮ ಹಂಚಿಕೊಂಡನಂತೆ. ಇವರು, "2010ರ ದೆಹಲಿ ಮರೆತೆಯಾ?" ಎಂದು ಕೇಳಿದರಂತೆ. "ಅಪ್ಪ, ನಿಮಗೆ ದೇಶದ ಯಾವ ಒಳ್ಳೆಯದೂ ಕಣ್ಣಿಗೆ ಬೀಳೋದಿಲ್ಲ" ಎಂದನಂತೆ ಮಗ. ಆ ಮಾತು ಚುಚ್ಚಿದೆ. "2010ರಲ್ಲಿ ನಮ್ಮ ಹುಡುಗಿಯರು ರಿಲೇ ಗೆದ್ದಾಗ ಟಿವಿ ಮುಂದೆ ಅತ್ತವನು ನಾನು. ಅದೇ ವರ್ಷ ನಮ್ಮ ಶಾಲೆಯ ಉದ್ದಜಿಗಿತದ ಗುಂಡಿಗೆ ಮರಳಿಲ್ಲದೆ ಒಂದು ಮಗುವಿನ ಕಾಲು ಉಳುಕಿತು. ನನ್ನ ಕೈಯಿಂದ ದುಡ್ಡು ಹಾಕಿ ಒಂದು ಟ್ರ್ಯಾಕ್ಟರ್ ಮರಳು ಹೊಡೆಸಿದೆ. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುವುದು ದೇಶದ್ರೋಹವೇ? ಇಂಥ ಕಾಗದ ಬರೆದು ಏನಾದರೂ ಪ್ರಯೋಜನ ಇದೆಯೇ?" ಎಂದು ಕೇಳಿದ್ದಾರೆ.

ಪ್ರಿಯ ಮೇಷ್ಟ್ರೇ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ, ಏಕೆಂದರೆ ಅದಕ್ಕೆ ನಮ್ಮ ದೇಶದಲ್ಲೇ ಒಂದು ಉತ್ತರ ಸಿಕ್ಕಿಯಾಗಿದೆ.

1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತಲ್ಲ, ಆಗ ಕ್ರೀಡಾಂಗಣ, ಮೇಲ್ಸೇತುವೆ, ಹೋಟೆಲು ಕಟ್ಟಲು ಹೊರ ರಾಜ್ಯಗಳಿಂದ ಸಾವಿರಾರು ಕೂಲಿಗಳನ್ನು ಕರೆತಂದಿದ್ದರು. ಸರ್ಕಾರ ನಿಗದಿ ಮಾಡಿದ್ದ ಕನಿಷ್ಠ ದಿನಗೂಲಿ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಅದನ್ನು ಕೂಲಿಯವರ ಕೈಗೆ ಕೊಡದೆ ಅವರನ್ನು ಕರೆತಂದ ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರ ತನ್ನ ಕಮಿಷನ್ ಎಂದು ತಲೆಗೆ ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದ. ದಿನವಿಡೀ ಕಲ್ಲು ಹೊತ್ತವರ ಕೈಗೆ ಬರುತ್ತಿದ್ದುದು 8 ರೂಪಾಯಿ 25 ಪೈಸೆ. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ಸಂಘಟನೆಯವರು ಮೂವರು ಸಮಾಜವಿಜ್ಞಾನಿಗಳನ್ನು ಕಳಿಸಿ ಇದನ್ನೆಲ್ಲ ವಿಚಾರಿಸಿದರು. ಅವರ ವರದಿಯನ್ನು ಜೊತೆಗಿಟ್ಟು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಒಂದು ಪತ್ರ ಬರೆದರು. ಬರೀ ಪತ್ರ. ಕೋರ್ಟು ಅದನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಸರಿ ಎಂದು ಆ ವರ್ಷದ ಸೆಪ್ಟೆಂಬರಿನಲ್ಲಿ, ಕೂಟ ಶುರುವಾಗುವ ಮೊದಲೇ, ತೀರ್ಪು ಬಂತು. ಇವತ್ತು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂದರೇನೆಂದು ಓದುವ ಕಾನೂನು ವಿದ್ಯಾರ್ಥಿಗಳು ಈ ತೀರ್ಪನ್ನು ಓದಿಯೇ ಮುಂದೆ ಹೋಗುತ್ತಾರೆ.

ಆ ಏಷ್ಯಾಡ್ ನನಗೂ ನೆನಪಿದೆ, ನಿಮಗಂತೂ ಇದ್ದೇ ಇರುತ್ತದೆ. ಅಪ್ಪು ಎಂಬ ಆನೆಮರಿ, ಆಗಷ್ಟೇ ಬಂದಿದ್ದ ಬಣ್ಣದ ಟಿವಿ, ಬೆಳ್ಳಿ ಗೆದ್ದ ಪಿ.ಟಿ. ಉಷಾ. ಆ ಖುಷಿ ಸುಳ್ಳಾಗಿರಲಿಲ್ಲ. ಅದೇ ಕ್ರೀಡಾಂಗಣದ ಕಲ್ಲು ಹೊತ್ತವರಿಂದ ಮುರಿದುಕೊಂಡ ಒಂದು ರೂಪಾಯಿಯೂ ಸುಳ್ಳಾಗಿರಲಿಲ್ಲ. ಆ ಪತ್ರ ಬರೆದವರು ಏಷ್ಯಾಡ್ ನಿಲ್ಲಿಸಿ ಎಂದು ಕೇಳಲಿಲ್ಲ, ಆ ಒಂದು ರೂಪಾಯಿಯನ್ನು ಕೇಳಿದರು. ನಿಮ್ಮ ಮಗನ ಜೊತೆ ಮುಂದೆ ಮಾತಾಡುವಾಗ ಇಲ್ಲಿಂದಲೇ ಶುರು ಮಾಡಿ ಎಂದು ನನ್ನ ವಿನಂತಿ.

ಈಗ 2010ರ ದೆಹಲಿ ಕಾಮನ್‌ವೆಲ್ತ್ ಕೂಟಕ್ಕೆ ಬರೋಣ. ನಾನು ಆಗ ಬೆಂಗಳೂರಿನ ದಿನಪತ್ರಿಕೆಯೊಂದರಲ್ಲಿ ರಾತ್ರಿ ಪಾಳಿಯ ಉಪಸಂಪಾದಕ. ಸೆಪ್ಟೆಂಬರ್ 21ರಂದು ಜವಾಹರಲಾಲ್ ನೆಹರೂ ಕ್ರೀಡಾಂಗಣದ ಪಕ್ಕದ ಪಾದಚಾರಿ ಸೇತುವೆ ಕುಸಿದು 27 ಜನ ಗಾಯಗೊಂಡ ಸುದ್ದಿಯನ್ನು ಕನ್ನಡಕ್ಕೆ ತಂದದ್ದು ನಾನೇ. ಕೂಟಕ್ಕೆ ಹನ್ನೆರಡೇ ದಿನ ಉಳಿದಿತ್ತು. ಕ್ರೀಡಾಗ್ರಾಮದ ಕೊಳಕು ಕೋಣೆಗಳ ಫೋಟೊಗಳು ಬರುತ್ತಿದ್ದವು. ಸಂಘಟನಾ ಸಮಿತಿಯ ಪದಾಧಿಕಾರಿಯೊಬ್ಬರು ವಿದೇಶಿಯರ ಶುಚಿತ್ವದ ಮಟ್ಟವೇ ಬೇರೆ, ನಮ್ಮದೇ ಬೇರೆ ಎಂಬರ್ಥದ ಮಾತಾಡಿದರು. ದಿನಾ ಬೆಳಗಾಗೆದ್ದು ಅಂಗಳ ಸಾರಿಸಿ ರಂಗೋಲಿ ಇಡುತ್ತಿದ್ದ ನನ್ನ ಅಮ್ಮನಿಗೆ ಆ ಸುದ್ದಿ ಓದಿ ಹೇಳಿದಾಗ ಅವರು ಬಹಳ ನೊಂದುಕೊಂಡರು. "ತಮ್ಮ ಕೆಲಸ ಆಗಲಿಲ್ಲ ಅಂತ ನಮ್ಮೆಲ್ಲರನ್ನೂ ಕೊಳಕರು ಮಾಡಿಬಿಟ್ಟನಲ್ಲ" ಎಂದರು. ಕೂಟದ ಬಗ್ಗೆ ಜನರಿಗಿದ್ದ ಸಿಟ್ಟಿನ ಬೇರು ನನಗೆ ಅವತ್ತು ಅರ್ಥವಾಯಿತು. ದುಡ್ಡು ಹೋದದ್ದಕ್ಕಿಂತ ಮಾನ ಹೋದದ್ದು ಹೆಚ್ಚು ಸುಟ್ಟಿತ್ತು.

ಅಕ್ಟೋಬರ್ 3ರಂದು ಉದ್ಘಾಟನೆ. ಸಂಘಟನಾ ಸಮಿತಿಯ ಅಧ್ಯಕ್ಷ ಸುರೇಶ್ ಕಲ್ಮಾಡಿ ಮಾತಿಗೆ ನಿಂತಾಗ ಇಡೀ ಕ್ರೀಡಾಂಗಣ ಗೇಲಿ ಮಾಡಿ ಕೂಗಿತು. ಅದೇ ಜನ, ಅದೇ ಸಂಜೆ, ಭಾರತದ ಆಟಗಾರರು ಒಳಗೆ ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಬಳಿ ಇಲ್ಲ. ಯಾರಿಗೆ ಚಪ್ಪಾಳೆ, ಯಾರಿಗೆ ಪ್ರಶ್ನೆ ಎಂಬುದನ್ನು ಬೇರೆ ಮಾಡಿ ನೋಡುವುದು ನಮ್ಮ ಜನಕ್ಕೆ ಗೊತ್ತಿದೆ. ಎರಡನ್ನೂ ಕಲಸಿ, ಪ್ರಶ್ನೆ ಕೇಳಿದವನು ಆಟಗಾರರ ವಿರೋಧಿ ಎಂದು ಹೇಳುವುದರಿಂದ ಲಾಭವಾಗುವುದು ಗುತ್ತಿಗೆ ಹಿಡಿದವರಿಗೆ ಮಾತ್ರ.

ನೀವು ಅತ್ತ ಆ ರಿಲೇ ಅಕ್ಟೋಬರ್ 12ರ ಸಂಜೆಯದು. ಹಿಂದಿನ ದಿನವಷ್ಟೇ ಡಿಸ್ಕಸ್ ಎಸೆತದಲ್ಲಿ ಕೃಷ್ಣಾ ಪೂನಿಯಾ, ಹರ್ವಂತ್ ಕೌರ್, ಸೀಮಾ ಅಂತಿಲ್ ಮೂರೂ ಪದಕ ಬಾಚಿಕೊಂಡಿದ್ದರು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಈ ಕೂಟದ ಅಥ್ಲೆಟಿಕ್ಸ್‌ನಲ್ಲಿ ನಮಗೆ ಬಂದ ಮೊದಲ ಚಿನ್ನ ಪೂನಿಯಾ ಅವರದು. ರಿಲೇಯಲ್ಲಿ ಮಂಜಿತ್ ಕೌರ್, ಸಿನಿ ಜೋಸ್, ಮನ್‌ದೀಪ್ ಕೌರ್ ಜೊತೆ ಓಡಿದ ನಮ್ಮ ಅಶ್ವಿನಿ ಅಕ್ಕುಂಜಿ ಕುಂದಾಪುರ ತಾಲ್ಲೂಕಿನ ಕೃಷಿಕರ ಮನೆಯ ಹುಡುಗಿ. ಮೂರನೇ ಸುತ್ತಿನಲ್ಲಿ ಅವರು ಮುಂದಿದ್ದವರನ್ನು ಹಿಂದಿಕ್ಕಿದಾಗ ನಮ್ಮ ಸುದ್ದಿಮನೆಯಲ್ಲಿ ಕೆಲಸ ನಿಂತೇ ಹೋಯಿತು. ಪುಟ ಕಟ್ಟುವ ಹುಡುಗರು ಕುರ್ಚಿ ಹತ್ತಿ ಕೂಗುತ್ತಿದ್ದರು. ಶಿರಸಿ ಕಡೆಯ ಕಾಶಿನಾಥ ನಾಯ್ಕರು ಜಾವೆಲಿನ್‌ನಲ್ಲಿ ಕಂಚು ತಂದರು. ಕೊಡಗಿನ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೊತೆ ಬ್ಯಾಡ್ಮಿಂಟನ್ ಡಬಲ್ಸ್ ಚಿನ್ನ ಗೆದ್ದದ್ದು ಕೊನೆಯ ದಿನ. ಒಟ್ಟು 38 ಚಿನ್ನ, 101 ಪದಕ. ಇಂಗ್ಲೆಂಡನ್ನು ದಾಟಿ ಎರಡನೇ ಸ್ಥಾನ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ, ಅದನ್ನು ಮುಚ್ಚಿಟ್ಟು ನಿಮಗೆ ಬರೆಯಲಾರೆ. ಆ ರಿಲೇ ತಂಡದ ಮೂವರು ಮರುವರ್ಷ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷ ನಿಷೇಧಕ್ಕೆ ಒಳಗಾದರು. ತರಬೇತುದಾರರು ಕೊಟ್ಟ ಪೂರಕ ಪದಾರ್ಥದಿಂದ ಹೀಗಾಯಿತು ಎಂದು ಆ ಹುಡುಗಿಯರು ಹೇಳಿದರು. 2010ರ ಪದಕ ಅವರದೇ ಆಗಿ ಉಳಿದಿದೆ. ಒಂದು ಕೂಟಕ್ಕೆ 18 ಸಾವಿರ ಕೋಟಿಗೂ ಹೆಚ್ಚು ಖರ್ಚಾಯಿತೆಂದು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ ಹೇಳುತ್ತದೆ. ಅಷ್ಟು ಖರ್ಚು ಮಾಡಿದ ದೇಶಕ್ಕೆ ತನ್ನ ಓಟಗಾರ್ತಿಯರ ಬಾಯಿಗೆ ಏನು ಹೋಗುತ್ತಿದೆ ಎಂದು ನೋಡಿಕೊಳ್ಳಲು ಆಗಲಿಲ್ಲವಲ್ಲ ಎಂಬ ನೋವು ನನ್ನಲ್ಲಿ ಇನ್ನೂ ಆರಿಲ್ಲ.

ಆ ದುಡ್ಡು ಎಲ್ಲಿಂದ ಬಂತು? ಇದರ ಒಂದು ಭಾಗವನ್ನು ಹೇಳಲೇಬೇಕು. ಪರಿಶಿಷ್ಟ ಜಾತಿಗಳ ಏಳಿಗೆಗೆಂದು ತೆಗೆದಿಟ್ಟ ವಿಶೇಷ ಘಟಕ ಯೋಜನೆಯ ಹಣದಲ್ಲಿ ಸುಮಾರು 678 ಕೋಟಿ ರೂಪಾಯಿಯನ್ನು ದೆಹಲಿ ಸರ್ಕಾರ ಕೂಟದ ಕಾಮಗಾರಿಗಳಿಗೆ ತಿರುಗಿಸಿತ್ತು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದವರಿಂದ ಅದು ಹೊರಬಿತ್ತು; ಅದು ತಪ್ಪೆಂದು ಅಂದಿನ ಗೃಹಸಚಿವರು ರಾಜ್ಯಸಭೆಯಲ್ಲೇ ಒಪ್ಪಿಕೊಂಡರು. ಅತಿಥಿಗಳ ಕಣ್ಣಿಗೆ ಕೊಳೆಗೇರಿಗಳು ಬೀಳಬಾರದೆಂದು ರಸ್ತೆಬದಿಯಲ್ಲಿ ಬಿದಿರಿನ ತಟ್ಟಿ, ಫ್ಲೆಕ್ಸ್ ಕಟ್ಟಿದರು. ಮನೆಗೆ ನೆಂಟರು ಬರುತ್ತಾರೆಂದು ಹಿತ್ತಲಲ್ಲಿ ಕೂತ ಅಜ್ಜಿಯನ್ನು ಯಾರಾದರೂ ಗೋಣಿಚೀಲ ಹೊದಿಸಿ ಮುಚ್ಚಿಡುತ್ತಾರೆಯೇ?

ಕಲ್ಮಾಡಿ 2011ರ ಏಪ್ರಿಲ್‌ನಲ್ಲಿ ಬಂಧನಕ್ಕೊಳಗಾದರು. ಅವರ ಮೇಲಿನ ಹಣ ಅಕ್ರಮ ವರ್ಗಾವಣೆ ಪ್ರಕರಣವನ್ನು ಮುಚ್ಚಲು ಜಾರಿ ನಿರ್ದೇಶನಾಲಯ ಕೊಟ್ಟ ವರದಿಯನ್ನು ದೆಹಲಿಯ ಕೋರ್ಟು 2025ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು. ಹದಿನಾಲ್ಕು ವರ್ಷ! ಕೂಟ ಮುಗಿದ ಮೇಲೆ ಲೆಕ್ಕ ಕೇಳಲು ಹೊರಟರೆ ಹೀಗೇ ಆಗುತ್ತದೆ. ಅದಕ್ಕೇ ನಾನು ಹೇಳುವುದು: ಕೇಳುವ ಕಾಲ ಇದು, ಈಗ.

ಮುಗಿದ ಮೇಲೆ ಕಟ್ಟಡಗಳ ಗತಿ ಏನಾಯಿತು? ದೆಹಲಿಯ ತ್ಯಾಗರಾಜ ಕ್ರೀಡಾಂಗಣ 2010ಕ್ಕೆಂದೇ ಕಟ್ಟಿದ್ದು. 2022ರ ಮೇ ತಿಂಗಳಲ್ಲಿ ಒಂದು ಸುದ್ದಿ ಬಂತು. ಹಿರಿಯ ಐಎಎಸ್ ಅಧಿಕಾರಿಯೊಬ್ಬರು ಸಂಜೆ ಅಲ್ಲಿ ನಾಯಿ ಅಡ್ಡಾಡಿಸುತ್ತಾರೆ, ಅದಕ್ಕಾಗಿ ಅಭ್ಯಾಸಕ್ಕೆ ಬಂದ ಹುಡುಗರನ್ನು ಬೇಗನೆ ಹೊರಗೆ ಕಳಿಸುತ್ತಿದ್ದಾರೆ ಎಂದು ಕ್ರೀಡಾಪಟುಗಳೂ ತರಬೇತುದಾರರೂ ದೂರಿದ್ದರು. ಸುದ್ದಿ ಹರಡಿದ ಮೇಲೆ ಅಧಿಕಾರಿಯ ವರ್ಗವಾಯಿತು, ಬಾಗಿಲು ರಾತ್ರಿ ಹತ್ತರವರೆಗೆ ತೆರೆಯಿತು. ಬಾಗಿಲು ತೆರೆಯಲು ಪತ್ರಿಕೆಯಲ್ಲಿ ಬರಬೇಕಾಯಿತು ಎಂಬುದನ್ನು ಗಮನಿಸಿ. 1982ಕ್ಕೆ ಕಟ್ಟಿ 2010ಕ್ಕೆ ನೂರಾರು ಕೋಟಿ ಸುರಿದು ನವೀಕರಿಸಿದ ನೆಹರೂ ಕ್ರೀಡಾಂಗಣವನ್ನು ಕೆಡವಿ ಅಲ್ಲಿ ಕ್ರೀಡಾ ನಗರಿ ಕಟ್ಟುವ ಯೋಜನೆ ಈಗ ಹೊರಬಂದಿದೆ.

ನಮ್ಮ ಊರಿನ ತಾಲ್ಲೂಕು ಕ್ರೀಡಾಂಗಣವೂ ಇದೇ ಜಾಡಿನದು. ವರ್ಷಕ್ಕೆ ಎರಡು ಸಲ, ಆಗಸ್ಟ್ 15 ಮತ್ತು ಜನವರಿ 26ಕ್ಕೆ, ಸುಣ್ಣದ ಗೆರೆ ಎಳೆಯುತ್ತಾರೆ. ಉಳಿದ ದಿನ ಅಲ್ಲಿ ರಾಜಕೀಯ ಸಭೆ, ಪಟಾಕಿ ಅಂಗಡಿ, ವಸ್ತುಪ್ರದರ್ಶನ. ಪೆಂಡಾಲಿನ ಗೂಟ ಕಿತ್ತ ಗುಂಡಿಗಳನ್ನು ನೋಡಿಕೊಂಡು, ಜಿಗಿದುಕೊಂಡು ಓಡಬೇಕು. ನಿಮ್ಮ ಮರಳಿನ ಕತೆ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಗುಂಡಿಗಳೇ.

ಇನ್ನು ಅಹಮದಾಬಾದ್. 2025ರ ನವೆಂಬರ್ 26ರಂದು ಗ್ಲಾಸ್ಗೊದಲ್ಲಿ ಸೇರಿದ್ದ ಕಾಮನ್‌ವೆಲ್ತ್ ಸಭೆ ಈ ಕೂಟವನ್ನು ಭಾರತಕ್ಕೆ ಕೊಟ್ಟಿತು. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಶುರುವಾದ ಕೂಟಕ್ಕೆ 2030ರಲ್ಲಿ ನೂರು ವರ್ಷ ತುಂಬುತ್ತದೆ. ಏಷ್ಯಾಡ್‌ನ ಅದೇ ಉಷಾ ಇಂದು ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ. 2036ರ ಒಲಿಂಪಿಕ್ಸ್ ನಮಗೆ ಬೇಕೆಂಬ ಪತ್ರವನ್ನೂ 2024ರ ಅಕ್ಟೋಬರ್‌ನಲ್ಲೇ ಕಳಿಸಿಯಾಗಿದೆ.

ಈ ಕೂಟ ನಡೆಸಲು ಈಗ ದೇಶಗಳು ಮುಗಿಬೀಳುತ್ತಿಲ್ಲ ಎಂಬುದನ್ನೂ ನಿಮ್ಮ ಮಗನಿಗೆ ಹೇಳಿ. 2022ರ ಕೂಟ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಆಗಬೇಕಿತ್ತು, ದುಡ್ಡು ಹೊಂದದೆ ಕೈತಪ್ಪಿ ಬರ್ಮಿಂಗ್‌ಹ್ಯಾಮ್‌ಗೆ ಹೋಯಿತು. 2026ರದನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಒಪ್ಪಿಕೊಂಡು, ಖರ್ಚು 260 ಕೋಟಿ ಆಸ್ಟ್ರೇಲಿಯನ್ ಡಾಲರ್‌ನಿಂದ 600 ಕೋಟಿ ದಾಟುವ ಅಂದಾಜು ಬಂದದ್ದೇ 2023ರ ಜುಲೈಯಲ್ಲಿ ಹಿಂದೆ ಸರಿಯಿತು. ಆಸ್ಪತ್ರೆ, ಶಾಲೆಗಳ ದುಡ್ಡು ತೆಗೆದು ಇದಕ್ಕೆ ಹಾಕಲಾರೆ ಎಂಬುದು ಅಲ್ಲಿನ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯಂಥವರು, ಕೊಟ್ಟ ಕಾರಣ. ಗ್ಲಾಸ್ಗೊ ಅದನ್ನು ಎತ್ತಿಕೊಂಡಿತು, ಆದರೆ ಹತ್ತೇ ಕ್ರೀಡೆಗಳಿಗೆ ಇಳಿಸಿತು, ಇರುವ ಕ್ರೀಡಾಂಗಣಗಳಲ್ಲೇ ಮುಗಿಸುವ ಲೆಕ್ಕ ಹಾಕಿತು. ಆ ಹತ್ತರಲ್ಲಿ ನಮಗೆ ಪದಕ ತರುತ್ತಿದ್ದ ಹಾಕಿ, ಕುಸ್ತಿ, ಬ್ಯಾಡ್ಮಿಂಟನ್, ಶೂಟಿಂಗ್ ಇಲ್ಲ. ಅವೆಲ್ಲ 2030ರಲ್ಲಿ ಮರಳಿ ಬರಲಿ ಎಂಬ ಆಸೆ ನನಗೂ ಇದೆ. ಬೇರೆಯವರು ಬೇಡವೆಂದದ್ದನ್ನು ನಾವು ತೆಗೆದುಕೊಳ್ಳಬಾರದೆಂದೇನೂ ಇಲ್ಲ. ಅವರು ಏಕೆ ಬೇಡವೆಂದರು ಎಂಬುದನ್ನು ಓದಿಕೊಂಡು ತೆಗೆದುಕೊಳ್ಳಬೇಕು, ಅಷ್ಟೆ.

ಅಹಮದಾಬಾದಿನ ಮೊಟೆರಾದಲ್ಲಿ 1 ಲಕ್ಷ 32 ಸಾವಿರ ಜನ ಕೂರುವ ಕ್ರೀಡಾಂಗಣ ಇದೆ. ಅಷ್ಟು ಜನ ಒಂದೇ ಬಾರಿ ಹೊರಗೆ ಬರುವಾಗ ಬಾಗಿಲಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ ನಮಗೆ, ಕರ್ನಾಟಕದವರಿಗೆ, ಬೇರೆ ಯಾರಿಗಿಂತಲೂ ಹತ್ತಿರದ್ದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸಂಭ್ರಮಕ್ಕೆಂದು ಬಂದ 11 ಜನ ಕಾಲ್ತುಳಿತದಲ್ಲಿ ಸತ್ತರು. ಆ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನ ಕೈತಪ್ಪಿದವು. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ಕಪ್ ಎತ್ತಿದ್ದು ನವಿ ಮುಂಬೈಯಲ್ಲಿ. ಆ ರಾತ್ರಿ ನಾನು ಕುಣಿದಿದ್ದೇನೆ, ಆ ಹನ್ನೊಂದು ಮನೆಗಳನ್ನು ನೆನೆದು ಸುಮ್ಮನೂ ಕೂತಿದ್ದೇನೆ. ಎರಡೂ ಒಂದೇ ಗಂಟೆಯೊಳಗೆ. ಹಾಗಾಗಿ ನಿಮ್ಮ ಮನಸ್ಸಿನ ಎಳೆದಾಟ ನನಗೆ ಹೊಸದಲ್ಲ, ಅದರಲ್ಲಿ ತಪ್ಪೂ ಕಾಣುತ್ತಿಲ್ಲ.

ಹಾಗಾದರೆ ಏನು ಕೇಳಬೇಕು? ಆತಿಥೇಯ ಒಪ್ಪಂದದ ಪ್ರತಿಯನ್ನು ಜನರ ಮುಂದಿಡಿ ಎಂದು ಕೇಳಬೇಕು. ಬಜೆಟ್ ಮೀರಿದರೆ ಯಾರ ತಲೆಯ ಮೇಲೆ ಎಂಬುದು ಅದರಲ್ಲಿರುತ್ತದೆ. ಮೂರು ತಿಂಗಳಿಗೊಮ್ಮೆ ಖರ್ಚಿನ ಲೆಕ್ಕ ಹೊರಬರಲಿ. ಕಟ್ಟಡ ಕಾರ್ಮಿಕರ ಕೂಲಿ ನೇರ ಅವರ ಖಾತೆಗೇ ಬೀಳಲಿ, ನಡುವೆ ಯಾವ ಜಮಾದಾರನೂ ಬೇಡ. ಎತ್ತಂಗಡಿಯಾಗುವ ಮನೆಗಳಿದ್ದರೆ ಮೊದಲು ಬದಲಿ ಮನೆ, ಆಮೇಲೆ ಜೆಸಿಬಿ. 2031ರಲ್ಲಿ ಆ ಈಜುಕೊಳಕ್ಕೆ ಯಾವ ಶಾಲೆಯ ಮಕ್ಕಳು, ಎಷ್ಟು ಗಂಟೆಗೆ, ಎಷ್ಟು ಶುಲ್ಕಕ್ಕೆ ಇಳಿಯುತ್ತಾರೆ ಎಂಬುದನ್ನು ಈಗಲೇ ಬರೆದಿಡಲಿ. ಇದನ್ನೆಲ್ಲ ಕೇಳುವುದರಿಂದ ಕೂಟ ಕೆಡುವುದಿಲ್ಲ. ಕೇಳುವವರಿದ್ದಾರೆ ಎಂದು ಗೊತ್ತಿದ್ದ ಮನೆಯ ಮದುವೆಯಲ್ಲಿ ಉಗ್ರಾಣದವನು ಹುಷಾರಾಗಿರುತ್ತಾನೆ.

ನಿಮ್ಮ ಕಾಗದದ ಕೊನೆಗೆ, "ಮಗ 2030ಕ್ಕೆ ಬನ್ನಿ ಅಂತ ಕರೆದಿದ್ದಾನೆ, ಹೋಗಲೋ ಬೇಡವೋ" ಎಂದಿದ್ದೀರಿ. ಹೋಗಿ ಮೇಷ್ಟ್ರೇ. ಆದರೆ ಅದಕ್ಕೂ ಮುಂಚೆ, ಕೆಲಸ ನಡೆಯುತ್ತಿರುವಾಗಲೇ ಒಂದು ಸಲ ಹೋಗಿ. ಮಗನನ್ನು ಜೊತೆಗೆ ಕರೆದುಕೊಂಡು ಮುಂಬಾಗಿಲು ಬಿಟ್ಟು ಹಿಂದಿನ ಗೇಟಿಗೆ, ಕೂಲಿಯವರ ಶೆಡ್ಡುಗಳ ಕಡೆಗೆ ನಡೆಯಿರಿ. ದಿನಕ್ಕೆ ಎಷ್ಟು ಕೊಡುತ್ತಾರೆ, ಯಾರ ಕೈಯಿಂದ ಕೊಡುತ್ತಾರೆ, ಎಷ್ಟು ಮುರಿದುಕೊಳ್ಳುತ್ತಾರೆ ಎಂದು ಕೇಳಿ. ಅಲ್ಲಿ ಇಷ್ಟು ವರ್ಷ ಇದ್ದಾನಲ್ಲ, ಭಾಷೆಗೆ ಅವನು ನೆರವಾಗುತ್ತಾನೆ. ಅವರು ಹೇಳಿದ್ದನ್ನು ಹಾಗೆ ಹಾಗೇ ಬರೆದು ಕಳಿಸಿ. ಈ ಪುಟದಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

ಸಂಪಾದಕ